ರಕ್ತದ ಸ್ಲೈಡ್ ಮತ್ತು ಮಂಡಿನೋವಿನ ಗುಳಿಗೆ

ಗಂಗಾವತಿಯ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ಭತ್ತದ ನಾಟಿ, ಅಕ್ಕಿ ಗಿರಣಿಯ ಹಮಾಲಿ ಮಾಡಿ ಮಂಡಿ, ಸೊಂಟ ಸೋತವರು ಇಲ್ಲಿ ಬಹಳ. ಅಂಥವರಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದರೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸುವುದು ವಾಡಿಕೆ. ಆದರೆ ರಕ್ತಹೀನತೆಗೆ ಸೀಸ ಕಾರಣವಾಗಿದ್ದರೆ ಆ ಮಾತ್ರೆಯಿಂದ ಅದು ಗುಣವಾಗದು.

ಹೊಲದ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬರ ಸ್ಲೈಡಿಗೆ ಲೀಷ್‌ಮನ್ ಬಣ್ಣ ಹಾಕಿ ನೋಡಿದಾಗ, ಕೆಂಪು ಕಣಗಳೊಳಗೆ ರವೆ ಉದುರಿಸಿದಂತೆ ನೀಲಿ ಚುಕ್ಕೆಗಳಿದ್ದವು. ಸೀಸವು ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ತಯಾರಿಸುವ ಕಿಣ್ವಗಳನ್ನು ತಡೆಯುತ್ತದೆ. ಕಣವು ಪ್ರೋಟೀನ್ ತಯಾರಿಸಲು ಬಳಸಿ ಉಳಿದ ಆರ್‌ಎನ್‌ಎಯನ್ನು ವಿಲೇವಾರಿ ಮಾಡುವ ಕಿಣ್ವವನ್ನೂ ತಡೆಯುವುದರಿಂದ ಈ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯಲ್ಲಿಯೂ ಇವು ಇರಬಹುದಾದ್ದರಿಂದ ಅಷ್ಟಕ್ಕೇ ತೀರ್ಮಾನಕ್ಕೆ ಬರಲಾಗದು. ಹೊಟ್ಟೆ ನುಲಿತ, ಮಲಬದ್ಧತೆ ಇವೆಯೇ ಎಂದು ಕೇಳಿದೆ, ಎರಡೂ ಇದ್ದವು. ಯಾವ ಔಷಧ ನಡೆದಿದೆ ಎಂದರೆ, “ಔಷಧ ಏನೂ ಇಲ್ರಿ ಸರ” ಎಂದರು. “ಮಂಡಿನೋವಿಗೆ ಪುಡಿ, ಗುಳಿಗಿ ಏನರ ತಗೋತೀಯೇನವ್ವ?” ಎಂದಾಗ ಸೆರಗಿನ ಗಂಟು ಬಿಚ್ಚಿ ಪೊಟ್ಟಣ ತೋರಿಸಿ, “ಇದು ಬೇರಿಂದ್ರಿ, ಇದ್ರಿಂದ ಏನೂ ಆಗಂಗಿಲ್ಲ” ಎಂದರು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಕಪ್ಪು ಗುಳಿಗೆಗಳವು. ತಯಾರಕರ ಹೆಸರಾಗಲಿ, ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ವೈದ್ಯರು ದೊಡ್ಡ ಆಸ್ಪತ್ರೆಗೆ ಕಳುಹಿಸಿದ ಮೇಲೆ ರಕ್ತದಲ್ಲಿ ಸೀಸ ಹೆಚ್ಚಿರುವುದು ದೃಢಪಟ್ಟಿತು.

ಆಯುರ್ವೇದದ ಔಷಧಗಳಲ್ಲಿ ನಾಗಭಸ್ಮ ಸೀಸದಿಂದಲೂ, ರಸಸಿಂಧೂರ ಪಾದರಸದಿಂದಲೂ ತಯಾರಾಗುತ್ತವೆ. ಇಂಥ ವಿಷದ್ರವ್ಯಗಳಿರುವ ಆಯುರ್ವೇದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಲೇಬೇಕೆಂದು ಕಾನೂನು ಹೇಳುತ್ತದೆ. ಲೇಬಲ್ಲೇ ಇಲ್ಲದ ಪೊಟ್ಟಣಕ್ಕೆ ಆ ರಕ್ಷಣೆ ಎಲ್ಲಿಂದ ಬರಬೇಕು? ಹೊರದೇಶಗಳಲ್ಲಿಯೂ ಇದು ಬೆಳಕಿಗೆ ಬಂದಿದೆ: ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ವರದಿಯಾಯಿತು.

ಈಗ ನಮ್ಮಲ್ಲಿ ಇಂಥ ಸ್ಲೈಡ್ ಕಂಡರೆ ವರದಿಯಲ್ಲಿ ಚುಕ್ಕೆಗಳ ವಿಷಯವನ್ನು ಬರೆದು, ವೈದ್ಯರಿಗೆ ಫೋನಿನಲ್ಲಿಯೂ ತಿಳಿಸುತ್ತೇವೆ. ಬ್ಯಾಟರಿ ಅಂಗಡಿ, ಬಣ್ಣದ ಕೆಲಸದಂಥ ಸೀಸ ತಗಲುವ ಕೆಲಸ ಏನಾದರೂ ಇದೆಯೇ ಎಂದೂ ವಿಚಾರಿಸುತ್ತೇವೆ. ಉಳಿದ ಗುಳಿಗೆಯನ್ನು ಚರಂಡಿಗೆ ಎಸೆಯದೆ, ಪರೀಕ್ಷೆಗಾಗಿ ಆಸ್ಪತ್ರೆಗೆ ಒಯ್ಯಲು ಹೇಳುತ್ತೇವೆ. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಉಳಿದು ಮೆಲ್ಲಗೆ ರಕ್ತಕ್ಕೆ ಮರಳುವುದರಿಂದ ಗುಳಿಗೆ ಬಿಟ್ಟ ಮೇಲೂ ತಪಾಸಣೆ ನಿಲ್ಲಬಾರದು. ಅದೇ ಪೊಟ್ಟಣದಿಂದ ಮನೆಯಲ್ಲಿ ಬಸುರಿಯೋ ಮಗುವೋ ತಿಂದಿದ್ದರೆ ಅವರ ರಕ್ತವನ್ನೂ ಕೂಡಲೇ ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.