ಅಪ್ಪಯ್ಯನ ಸಕ್ಕರೆ ಕಾಯಿಲೆ ಮತ್ತು ಮೂರು ತಿಂಗಳ ಲೆಕ್ಕ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಹನ್ನೊಂದು ವರ್ಷಗಳಾದರೂ, "ಇದು ಪೂರ್ತಿ ವಾಸಿಯಾಗುವುದು ಯಾವಾಗ ಮಾರಾಯ?" ಎಂಬ ಅವರ ಪ್ರಶ್ನೆ ನಿಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲವೂ ತಪ್ಪದೆ ಬೋರ್ಡೋ ದ್ರಾವಣ ಹೊಡೆಸುವ ಅವರು, ತಮ್ಮ ಮಾತ್ರೆಯನ್ನು ಮಾತ್ರ ಜ್ವರದ ಮಾತ್ರೆಯಂತೆ ಎಂಟು ದಿನದಲ್ಲಿ ಮುಗಿಯಬೇಕಾದದ್ದೆಂದು ಭಾವಿಸಿದ್ದರು.

ಕಳೆದ ಬಾರಿ ರಕ್ತಪರೀಕ್ಷೆಗೆ ಎರಡು ದಿನ ಮೊದಲು ಹಲಸಿನ ಹಣ್ಣು ಬಿಟ್ಟು, ರಾಗಿ ಅಂಬಲಿಯಲ್ಲೇ ಕಳೆದರು. ಆದರೂ ಎಚ್‌ಬಿಎ೧ಸಿ (ರಕ್ತದ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ಪರೀಕ್ಷೆ) ಶೇಕಡಾ 8.4ರಷ್ಟು ಹೆಚ್ಚಾಗಿ ಬಂದಾಗ ಪ್ರಯೋಗಾಲಯದವರ ಮೇಲೆಯೇ ಅನುಮಾನಪಟ್ಟರು. ರಕ್ತದಲ್ಲಿನ ಗ್ಲೂಕೋಸ್ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಷ್ಯ ಸುಮಾರು 120 ದಿನ. ಹಾಗಾಗಿ ಈ ಪರೀಕ್ಷೆ ತೋರಿಸುವುದು ಎರಡು–ಮೂರು ತಿಂಗಳ ಸರಾಸರಿಯನ್ನೇ ಹೊರತು ನಿನ್ನೆಯ ಊಟವನ್ನಲ್ಲ. ಇದನ್ನು ವಿವರಿಸಿದಾಗ ಅವರು ನಕ್ಕು, "ಹಾಗಾದರೆ ಕಳ್ಳಲೆಕ್ಕ ನಡೆಯುವುದಿಲ್ಲ" ಎಂದರು.

ಇನ್ನು ಪೂರ್ತಿ ವಾಸಿಯಾಗುವ ಮಾತು. 1922ರಲ್ಲಿ ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯ ಹದಿನಾಲ್ಕರ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದಾಗಲೂ ರೋಗ ಗುಣವಾಗಲಿಲ್ಲ, ಜೀವ ಉಳಿಯಿತು. ಎರಡನೆಯ ಬಗೆಯ (ಟೈಪ್ 2) ಮಧುಮೇಹದಲ್ಲಿ ತೂಕ ಇಳಿಸಿದ ಕೆಲವರಿಗೆ ಔಷಧವಿಲ್ಲದೆಯೂ ಸಕ್ಕರೆ ಹತೋಟಿಗೆ ಬರುವುದುಂಟು, ಆದರೆ ಅದು ಮರಳಬಹುದಾದ್ದರಿಂದ ತಪಾಸಣೆ ತಪ್ಪಿಸುವಂತಿಲ್ಲ. ಅಮ್ಮನ ರಕ್ತದೊತ್ತಡದ ಕಥೆಯೂ ಹೆಚ್ಚುಕಡಿಮೆ ಇದೇ. ನೋವೇ ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿಸುವುದು, ನನ್ನ ಅನುಭವದಲ್ಲಿ, ಇನ್ನೂ ಕಷ್ಟ.

ಈಗ ಅಪ್ಪಯ್ಯನ ಮಾತ್ರೆಯ ಡಬ್ಬಿ ಕವಳದ (ಎಲೆ ಅಡಿಕೆಯ) ತಟ್ಟೆಯ ಪಕ್ಕದಲ್ಲಿದೆ. ಕವಳವನ್ನು ಬಿಡಿಸುವ ಚರ್ಚೆ ಇನ್ನೂ ಮುಗಿದಿಲ್ಲ.