ಟಿಕ್ ಗುರುತಿನ ಆಚೆಗೆ: ಕಾರಿನ ಸರ್ವಿಸ್ ಕೈಗೆತ್ತಿಕೊಂಡ ಕಥೆ, ಇಲ್ಲಿಯವರೆಗೆ

40,000 ಕಿ.ಮೀ.: ಡೀಲರ್ ಸರ್ವಿಸ್ ಆದ ಮರುದಿನ

ಜಾಬ್ ಕಾರ್ಡಿನಲ್ಲಿ ಎಲ್ಲ ಸಾಲುಗಳ ಮುಂದೆಯೂ ಟಿಕ್ ಬಿದ್ದಿದೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎ.ಸಿ. ಫಿಲ್ಟರ್ ಬದಲಾವಣೆ, ಟೈರ್‌ಗಳ ಅದಲುಬದಲು, ಬ್ರೇಕ್ ತಪಾಸಣೆ. ಕಾರು ಬಿಡುವ ಮುನ್ನ ಎರಡು ಕಡೆ ಗುರುತು ಮಾಡಿಟ್ಟಿದ್ದೆ. ಎ.ಸಿ. ಫಿಲ್ಟರಿನ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು, ಮುಂದಿನ ಎಡಚಕ್ರದ ಒಳಬದಿಯಲ್ಲಿ ಪೇಂಟ್ ಪೆನ್ನಿನಿಂದ ಒಂದು ಚುಕ್ಕೆ. ಚುಕ್ಕೆಯಿದ್ದ ಚಕ್ರ ಹಿಂದಕ್ಕೆ ಹೋಗಿದೆ, ಸಂತೋಷ. ಗ್ಲೋವ್ ಬಾಕ್ಸ್ ಕಳಚಿ ನೋಡಿದರೆ ಪೆನ್ಸಿಲಿನ ಗೀಟು ಹಾಗೆಯೇ ಇದೆ. ಮಡಿಕೆಗಳ ನಡುವೆ ಸಿಕ್ಕಿಕೊಂಡಿದ್ದ ಎಲೆಯ ಚೂರುಗಳೂ ಹಾಗೆಯೇ ಇವೆ. ಬಿಲ್ಲಿನಲ್ಲಿ ಮಾತ್ರ ಹೊಸ ಫಿಲ್ಟರ್.

ಒಂದು ಸುಳ್ಳು ಕಂಡ ಮೇಲೆ ಉಳಿದದ್ದನ್ನೂ ನೋಡಬೇಕಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದೆ. ಆಯಿಲ್ ಮೇಲಿನ ಗುರುತನ್ನು ಬೆರಳಗಲ ದಾಟಿ ನಿಂತಿತ್ತು. ಕೈಪಿಡಿಯ ಪ್ರಕಾರ ಫಿಲ್ಟರ್ ಸೇರಿ ಈ ಎಂಜಿನ್ ಹಿಡಿಯುವುದು 3.5 ಲೀಟರ್; ಬಿಲ್ಲಿನಲ್ಲಿರುವುದು 4 ಲೀಟರ್. ಡಬ್ಬಿ ಎಷ್ಟರದ್ದೋ ಅಷ್ಟನ್ನೂ ಸುರಿದಿದ್ದಾರೆ. ಹೆಚ್ಚಾದರೆ ಎಂಜಿನ್ನಿಗೆ ಒಳ್ಳೆಯದೇ ಅಲ್ಲವೇ ಎಂದು ಅಣ್ಣ ಕೇಳಿದ. ಅಲ್ಲ. ಮಟ್ಟ ಮಿತಿಮೀರಿದರೆ ಎಂಜಿನ್ನಿನೊಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟ್, ಆಯಿಲಿಗೆ ತಾಗಿ ಅದನ್ನು ಕಡೆಯುತ್ತದೆ, ನೊರೆ ಏಳುತ್ತದೆ. ನೊರೆಯೆಂದರೆ ಗಾಳಿ ಬೆರೆತ ಆಯಿಲ್. ಪಂಪ್ ಅದನ್ನು ಎಳೆದುಕೊಂಡರೆ ಬೇರಿಂಗ್‌ಗಳಿಗೆ ಸಿಗಬೇಕಾದ ಒತ್ತಡ ಸಿಗುವುದಿಲ್ಲ. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು ಎಂದೇ ಆ ಕಡ್ಡಿಯ ಮೇಲೆ ಎರಡು ಗುರುತುಗಳಿರುವುದು.

ಏರ್ ಫಿಲ್ಟರ್ ಹೊಸದು, ನಿಜ. ಆದರೆ ಅದರ ಪೆಟ್ಟಿಗೆಯ ಒಂದು ಕ್ಲಿಪ್ ಹಾಕಿರಲಿಲ್ಲ. ಮುಚ್ಚಳದ ಒಂದು ಮೂಲೆಯಲ್ಲಿ ಉಗುರು ತೂರುವಷ್ಟು ಸಂದು. ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಧೂಳು ಫಿಲ್ಟರಿನ ಗೊಡವೆಯಿಲ್ಲದೆ ನೇರ ಎಂಜಿನ್ನಿನೊಳಗೆ. ಕ್ಲಿಪ್ ಹಾಕಲು ಒಂದು ಕ್ಷಣ ಸಾಕಾಯಿತು.

ಫೋನ್ ಮಾಡಿದೆ, ಮರುದಿನ ಹೋದೆ. ಹೆಚ್ಚಿನ ಆಯಿಲ್ ಹೀರಿ ತೆಗೆದರು, ಫಿಲ್ಟರ್ ಹಾಕಿದರು, ವಿನಯದಿಂದಲೇ ಕ್ಷಮೆ ಕೇಳಿದರು. ಅದಕ್ಕೂ ಒಂದು ಜಾಬ್ ಕಾರ್ಡ್ ತೆರೆದು ಟಿಕ್ ಹಾಕಿದರು.

ಜಗಳವಾಡುವ ಮನಸ್ಸಾಗಲಿಲ್ಲ. ಅಲ್ಲಿ ಕುಳಿತಿದ್ದಷ್ಟು ಹೊತ್ತು ಕೆಲಸ ನಡೆಯುವ ರೀತಿ ನೋಡಿದೆ. ನನ್ನೊಡನೆ ಮಾತನಾಡುವ ಸಲಹೆಗಾರ ಬಾನೆಟ್ ಎತ್ತುವವನಲ್ಲ. ಬಾನೆಟ್ ಎತ್ತುವವನು ನನ್ನ ದೂರನ್ನು ಕಿವಿಯಾರೆ ಕೇಳಿದವನಲ್ಲ. ಒಂದೊಂದು ಕೆಲಸಕ್ಕೂ ಇಂತಿಷ್ಟು ನಿಮಿಷ ಎಂದು ಮೊದಲೇ ನಿಗದಿಯಾಗಿದೆ, ಹಿಂದೆ ಇನ್ನೊಂದು ಕಾರು ಕಾಯುತ್ತಿದೆ. ಆಯಿಲ್ ಬದಲಾವಣೆಯಂಥ 'ಚಿಲ್ಲರೆ' ಕೆಲಸ ಹೋಗುವುದು ಹೆಚ್ಚಾಗಿ ಹೊಸದಾಗಿ ಸೇರಿದ ಹುಡುಗನಿಗೆ. ಇದರಲ್ಲಿ ಯಾರಿಗೂ ಕೆಲಸ ಗೊತ್ತಿಲ್ಲ ಎಂದೇನೂ ಅಲ್ಲ. ಮಾಡಿದ್ದನ್ನು ತಿರುಗಿ ನೋಡುವ ಬಿಡುವು ಯಾರಿಗೂ ಇಲ್ಲ, ಅಷ್ಟೆ. ಹಾಗಾಗಿ ಸರ್ವಿಸಿನ ಕೆಲವು ಕೆಲಸಗಳನ್ನು ನಾನೇ ಮಾಡಿ ನೋಡೋಣ ಎಂದುಕೊಂಡೆ. ಈ ಪ್ರಯೋಗಕ್ಕೆ ಒಂದೇ ನಿಯಮ ಇಟ್ಟುಕೊಂಡೆ: ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಡುವ ಕೆಲಸಗಳು ನನ್ನವು, ಉಳಿದವು ಅವರವು.

ಸಾಮಾನು

ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್, ಬೋಲ್ಟನ್ನು ಹೇಳಿದಷ್ಟೇ ಬಿಗಿಯಲು ಒಂದು ಟಾರ್ಕ್ ರೆಂಚ್, ಸಾಕೆಟ್ ಸೆಟ್, ಹಳೆಯ ಆಯಿಲ್ ಹಿಡಿಯಲು ಅಗಲದ ಟ್ರೇ, ಕೈಗವಸು. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕುವವರಿಗೆ ಈ ಹವ್ಯಾಸ ಬೇಡ. ವರ್ಕ್‌ಶಾಪ್ ಕೈಪಿಡಿಯನ್ನೂ ಕೊಂಡೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಬೋಲ್ಟ್‌ಗಳ ಬಿಗಿತದ ಅಂಕಿಗಳು ಪೂರ್ತಿ ಇರುವುದಿಲ್ಲ.

50,000 ಕಿ.ಮೀ.: ಆಯಿಲ್

ಎಂಜಿನ್ ಬೆಚ್ಚಗಾದರೆ ಸಾಕು, ಸುಡುವಷ್ಟು ಬಿಸಿ ಬೇಡ. ಆಯಿಲ್ ಬಸಿಯುವ ತೂತಿನ ಬೋಲ್ಟ್, ಅಂದರೆ ಡ್ರೈನ್ ಪ್ಲಗ್, ಸಡಿಲಿಸಲು ಉದ್ದದ ಹಿಡಿಯನ್ನೇ ಹಾಕಬೇಕಾಯಿತು. 'ಕಟಕ್' ಎಂದು ಬಿಟ್ಟುಕೊಂಡಾಗ ಎದೆ ಝಲ್ಲೆಂದಿತು, ಥ್ರೆಡ್ ಹೋಯಿತೇನೋ ಎಂದು. ಹೋಗಿರಲಿಲ್ಲ. ಆಯಿಲ್ ಪೂರ್ತಿ ಬಸಿದ ಮೇಲೆ ಪ್ಲಗ್ ಒರೆಸಿದೆ. ಅದರ ಕುತ್ತಿಗೆಯಲ್ಲಿ ಅಪ್ಪಚ್ಚಿಯಾದ ಅಲ್ಯುಮಿನಿಯಂ ವಾಷರ್ ಇತ್ತು. ಸರಿ, ಇದನ್ನು ಪ್ರತಿ ಸಲವೂ ಬದಲಿಸಬೇಕು. ಒಮ್ಮೆ ಜಜ್ಜಿಕೊಂಡು ಸಂದು ಮುಚ್ಚುವುದೇ ಅದರ ಕೆಲಸ.

ಆಮೇಲೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನಿನ ತೂತಿನ ಸುತ್ತ ಬಟ್ಟೆಯಿಂದ ಒರೆಸಿದೆ. ಅಲ್ಲಿಯ ಲೋಹ ಸ್ವಲ್ಪ ಬೇರೆ ಬಣ್ಣದ್ದಾಗಿ ಕಂಡಿತು, ಪ್ಯಾನಿಗಿಂತ ಒಂದು ಕೂದಲೆಳೆ ಉಬ್ಬಾಗಿ. ಟಾರ್ಚ್ ಹಿಡಿದು ಉಗುರಿನಿಂದ ಕೆರೆದೆ. ಉಗುರು ಸಿಕ್ಕಿಕೊಂಡಿತು. ಚೂಪಾದ ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಎಬ್ಬಿದಾಗ ಇನ್ನೊಂದು ವಾಷರ್ ಕಳಚಿ ಟ್ರೇಗೆ ಬಿತ್ತು! ಹಿಂದಿನ ಸರ್ವಿಸಿನಲ್ಲಿ ಹಳೆಯದು ಪ್ಯಾನಿಗೇ ಅಂಟಿಕೊಂಡಿದ್ದದ್ದನ್ನು ನೋಡದೆ, ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಎರಡರ ನಡುವೆ ಕಪ್ಪನೆಯ ಜಿಡ್ಡು ಕಟ್ಟಿತ್ತು. ಇಂಥ ಕಡೆ ಆಯಿಲ್ ಜಿನುಗುತ್ತದೆ, ಮುಂದಿನ ಸಲ ಯಾರೋ ಅದನ್ನು ನೋಡಿ ಪ್ಲಗ್ ಇನ್ನಷ್ಟು ಬಿಗಿಯುತ್ತಾರೆ, ಅದರ ಮುಂದಿನ ಸಲ ಅಲ್ಯುಮಿನಿಯಂ ಪ್ಯಾನಿನ ಥ್ರೆಡ್ ಕಿತ್ತುಬರುತ್ತದೆ. ಒಂದು ವಾಷರಿನ ದೆಸೆಯಿಂದ ಇಡೀ ಪ್ಯಾನ್ ಬದಲಿಸುವ ಗತಿ. ನಾನು ಹೊಸ ವಾಷರ್ ಒಂದನ್ನೇ ಹಾಕಿ, ಕೈಪಿಡಿ ಹೇಳಿದ 35 ನ್ಯೂಟನ್ ಮೀಟರಿಗೆ (ಬಿಗಿತ ಅಳೆಯುವ ಮಾನ) ನಿಲ್ಲಿಸಿದೆ. ಎಷ್ಟು ಕಡಿಮೆ ಬಲ ಅದು! ಟಾರ್ಕ್ ರೆಂಚ್ ಇಲ್ಲದಿದ್ದರೆ ನನ್ನ ಕೈಯೂ ಖಂಡಿತ ಇನ್ನೊಂದು ಕಾಲು ಸುತ್ತು ತಿರುಗಿಸುತ್ತಿತ್ತು.

ಆಯಿಲ್ ಫಿಲ್ಟರಿನಲ್ಲೂ ಇದೇ ಜಾತಿಯ ಬಲೆ ಇದೆ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿನ ಮುಖಕ್ಕೆ ಅಂಟಿ ಉಳಿದುಬಿಡುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಮೊದಲಿಗೆ ಎಲ್ಲ ಸರಿಯಿರುವಂತೆ ಕಂಡು, ಒತ್ತಡ ಏರಿದಾಗ ಉಂಗುರ ಜಾರಿ ಆಯಿಲ್ ಚಿಮ್ಮುತ್ತದೆ. ನಿಮಿಷಗಳಲ್ಲಿ ಎಂಜಿನ್ ಒಣಗುತ್ತದೆ. ವಾಷರಿನ ಪಾಠ ಆಗಿದ್ದರಿಂದ ಬೆರಳಾಡಿಸಿಯೇ ನೋಡಿದೆ. ಉಂಗುರ ಹಳೆಯ ಫಿಲ್ಟರಿನಲ್ಲೇ ಇತ್ತು. ಹೊಸ ಉಂಗುರಕ್ಕೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಮೈಮೇಲೆ ತಾರೀಖು, ಕಿಲೋಮೀಟರ್ ಬರೆದೆ. ಮೊದಲು ಕೊಂಚ ಕಡಿಮೆ ಸುರಿದು, ಎಂಜಿನ್ ಓಡಿಸಿ, ಆರಿಸಿ, ಕಾದು, ಉಳಿದದ್ದನ್ನು ಮೇಲಿನ ಗುರುತಿನ ಸ್ವಲ್ಪ ಕೆಳಗಿನವರೆಗೆ ತುಂಬಿದೆ. ಅವರು ಊಟದ ಹೊತ್ತಿನೊಳಗೆ ಮುಗಿಸುವ ಕೆಲಸಕ್ಕೆ ನನ್ನ ಒಂದು ಬೆಳಗು ಪೂರ್ತಿ ಹೋಯಿತು. ಹಣ ಉಳಿಯಿತೇ ಎಂದರೆ, ಟಾರ್ಕ್ ರೆಂಚಿನ ಬೆಲೆ ಸೇರಿಸಿದರೆ ಈ ಸಲ ಇಲ್ಲ. ಹಳೆಯ ಆಯಿಲನ್ನು ಡಬ್ಬಿಗೆ ತುಂಬಿ ಮರುಬಳಕೆಗೆ ತೆಗೆದುಕೊಳ್ಳುವವರಿಗೆ ಕೊಟ್ಟೆ. ಚರಂಡಿಗೆ ಸುರಿಯುವುದಾದರೆ ಡೀಲರ್ ಬಳಿ ಹೋಗುವುದೇ ಮೇಲು.

52,000 ಕಿ.ಮೀ.: ಚಕ್ರದ ನಟ್

ಟೈರ್ ಅದಲುಬದಲಿಗೆ ಚಕ್ರ ಬಿಚ್ಚಲು ಹೋದರೆ ನಟ್‌ಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಾಳಿಯಂತ್ರದ ಗನ್ ಹಿಡಿದು ಬಿಗಿದದ್ದು. ಪಾನಾದ ಮೇಲೆ ಮೈಭಾರ ಹಾಕಿದ ಮೇಲೆ ಬಿಟ್ಟವು. ನಡುರಾತ್ರಿ ರಸ್ತೆ ಬದಿಯಲ್ಲಿ ಪಂಕ್ಚರ್ ಆಗಿ, ಗಾಡಿಯಲ್ಲಿ ಬರುವ ಚೋಟುದ್ದದ ಪಾನಾ ಮಾತ್ರ ಕೈಯಲ್ಲಿದ್ದಿದ್ದರೆ? ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಸಾಕು; ನನ್ನದಕ್ಕೆ 103. ಒಂದರ ಪಕ್ಕದ್ದನ್ನು ಬಿಗಿಯದೆ ಎದುರಿನದನ್ನು ಬಿಗಿಯುತ್ತಾ ಹೋಗಿ, ಒಂದಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ನೋಡಿದೆ. ಟೈರ್ ಗಾಳಿಯೂ ಬಾಗಿಲಿನ ಕಂಬದ ಸ್ಟಿಕರಿನಲ್ಲಿರುವುದಕ್ಕಿಂತ ಹೆಚ್ಚಿತ್ತು, ತಣ್ಣಗಿದ್ದಾಗಲೇ ಇಳಿಸಿದೆ.

58,000 ಕಿ.ಮೀ.: ಬ್ರೇಕ್

ಇಲ್ಲಿ ಹುಷಾರಾಗಿದ್ದೇನೆ. ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತುವ ಪ್ಯಾಡಿನ ದಪ್ಪ ಅಳೆಯುವುದು, ಆ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರಿನ ಜಾರುವ ಪಿನ್‌ಗಳನ್ನು ಬಿಚ್ಚಿ ಒರೆಸಿ ಸರಿಯಾದ ಗ್ರೀಸ್ ಹಾಕುವುದು ನನ್ನ ಕೆಲಸ. ಮುಂದಿನ ಬಲಚಕ್ರದ ಒಂದು ಪಿನ್ ಒಣಗಿ ಬಿಗಿದುಕೊಂಡಿತ್ತು. ಒಳಗಿನ ಪ್ಯಾಡ್ 4 ಮಿ.ಮೀ., ಹೊರಗಿನದು 7 ಮಿ.ಮೀ. ಹೊರಗಿನಿಂದ ಚಕ್ರದ ಸಂದಿಯಲ್ಲಿ ಇಣುಕಿದರೆ ಕಾಣುವುದು ಹೊರಗಿನದು ಮಾತ್ರ; 'ಬ್ರೇಕ್ ತಪಾಸಣೆ'ಯ ಟಿಕ್ ಹಾಗೆ ಬಿದ್ದದ್ದಿರಬೇಕು. 3 ಮಿ.ಮೀ.ಗೆ ಬದಲಿಸಬೇಕಾದದ್ದು, ಹಾಗಾಗಿ ಹೊಸ ಜೋಡಿ ತರಿಸಿದ್ದೇನೆ.

ಬ್ರೇಕ್ ಆಯಿಲ್ ವಿಷಯದಲ್ಲಿ ಪ್ರತಿ ಬಿಲ್ಲಿನಲ್ಲೂ 'ಟಾಪ್ ಅಪ್' ಎಂಬ ಸಾಲು ಕಂಡಾಗಲೆಲ್ಲ ನನಗೆ ಕಿರಿಕಿರಿ. ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಪಿಸ್ಟನ್ ಮುಂದಕ್ಕೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಮಟ್ಟ ಇಳಿದಿದೆ ಎಂದರೆ ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಕಾರಣ ಹುಡುಕದೆ ತುಂಬಿಬಿಟ್ಟರೆ ಆ ಸುಳಿವೇ ಅಳಿಸಿಹೋಗುತ್ತದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕಿ ಬಾನೆಟ್ ಒಳಗಿನ ಬಣ್ಣವನ್ನೂ ತಿನ್ನುತ್ತದೆ. ಮಾಡಬೇಕಾದದ್ದು ಪೂರ್ತಿ ಬದಲಾವಣೆ; ಬಹುತೇಕ ತಯಾರಕರು ಹೇಳುವುದು ಎರಡು ವರ್ಷಕ್ಕೊಮ್ಮೆ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದಾಗ ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಈ ಬದಲಾವಣೆಯನ್ನು ಡೀಲರ್‌ಗೇ ಬಿಟ್ಟಿದ್ದೇನೆ. ಕೆಲವು ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗಿನ ಗಾಳಿ ತೆಗೆಯಲು ಅವರ ಸ್ಕ್ಯಾನರ್ ಬೇಕು. ಇನ್ನು, ಬ್ರೇಕಿನೊಳಗೆ ಗಾಳಿ ಉಳಿಯಿತೇ ಎಂದು ರಸ್ತೆಯಲ್ಲಿ ಪರೀಕ್ಷೆ ಮಾಡಿ ತಿಳಿಯುವ ಉಮೇದು ನನಗಿಲ್ಲ.

ಅವರಿಗೇ ಬಿಟ್ಟದ್ದು

ಎ.ಸಿ. ಗ್ಯಾಸ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್, ಚಕ್ರದ ಅಲೈನ್‌ಮೆಂಟ್, ಸಾಫ್ಟ್‌ವೇರ್. ತಯಾರಕರು ದೋಷಕ್ಕಾಗಿ ವಾಪಸ್ ಕರೆದರೆ ಅಲ್ಲಿಗೇ ಹೋಗಬೇಕು, ಉಚಿತವಾಗಿ ಆಗುವ ಕೆಲಸ. ಆದರೆ ಕೈಪಿಡಿಯ ವೇಳಾಪಟ್ಟಿಯಲ್ಲಿಲ್ಲದ ಎಂಜಿನ್ ಫ್ಲಷ್, ಇಂಜೆಕ್ಟರ್ ಕ್ಲೀನಿಂಗ್ ಇತ್ಯಾದಿಗಳಿಗೆ 'ಬೇಡ' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಾರು ಬಿಡುವ ಮುನ್ನ ಗುರುತು ಹಾಕುವುದನ್ನಂತೂ ಬಿಟ್ಟಿಲ್ಲ. ಹಳೆಯ ಬಿಡಿಭಾಗಗಳನ್ನು ಡಿಕ್ಕಿಯಲ್ಲಿ ಹಾಕಿಡಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸುತ್ತೇನೆ. ಆ ಒಂದು ಸಾಲು ಬರೆಸಿದ ಮೇಲೆ ಕೆಲಸದ ಗುಣಮಟ್ಟ ಏರಿದ್ದು ಕಾಕತಾಳೀಯವೇ ಇರಬಹುದು.

ವಾರಂಟಿ ಹೋಗುವುದಿಲ್ಲವೇ ಎಂಬುದು ಅಣ್ಣನ ಮುಂದಿನ ಪ್ರಶ್ನೆಯಾಗಿತ್ತು. ನಿಯಮ ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ಬೇರೆ. ವಾರಂಟಿ ಪುಸ್ತಕದ ಷರತ್ತುಗಳನ್ನು ಓದಿಯೇ ಕೈ ಹಾಕಬೇಕು. ನನ್ನದರ ಅವಧಿ ಮುಗಿದಿದೆ. ಆದರೂ ಆಯಿಲಿನ ದರ್ಜೆ, ಬಿಡಿಭಾಗದ ಸಂಖ್ಯೆ, ರಸೀದಿ, ಕಿಲೋಮೀಟರ್ ಕಾಣುವ ಫೋಟೊ ಎಲ್ಲವನ್ನೂ ಇಡುತ್ತಿದ್ದೇನೆ. ಕಾರು ಮಾರುವಾಗ ಕೊಳ್ಳುವವನು ಸರ್ವಿಸ್ ಚರಿತ್ರೆ ಕೇಳಿಯೇ ಕೇಳುತ್ತಾನೆ.

ಮುಂದಿನದು

ಪ್ಯಾಡ್‌ಗಳು ಬಂದಿವೆ, ಈ ವಾರ ಹಾಕಬೇಕು. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬದಲಾವಣೆ ಯಾರ ಪಾಲಿಗೆ ಎಂಬುದು ತೀರ್ಮಾನವಾಗಿಲ್ಲ. ಬಸಿಯುವುದು ಸುಲಭ, ತುಂಬಿದ ಮೇಲೆ ಒಳಗೆ ಸಿಕ್ಕಿಕೊಳ್ಳುವ ಗಾಳಿಯದೇ ತೊಂದರೆ. ಗಾಳಿಯ ಗುಳ್ಳೆ ನಿಂತ ಕಡೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಜೊತೆಗೆ ಬೇರೆ ಬೇರೆ ಬಗೆಯ ಕೂಲೆಂಟ್‌ಗಳನ್ನು ಬೆರೆಸಬಾರದು, ಬಣ್ಣ ಒಂದೇ ಎಂದು ನಂಬುವಂತಿಲ್ಲ, ಕಂಪನಿ ಹೇಳಿದ ದರ್ಜೆಯನ್ನೇ ಹುಡುಕಬೇಕು. ಗಾಳಿ ಬಿಡುವ ತಿರುಪು ಕೈಗೆಟಕುವ ಜಾಗದಲ್ಲಿದ್ದರೆ ನಾನೇ ಮಾಡುತ್ತೇನೆ. ನಿರ್ವಾತ ಯಂತ್ರ ಹಾಕಿಯೇ ತುಂಬಬೇಕು ಎಂದು ಕೈಪಿಡಿ ಹೇಳಿದರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ದಿನ ಗೊತ್ತುಮಾಡುತ್ತೇನೆ.