ಮಕ್ಕಳ ಮುಖದ ಗಾಯದ ಕಲೆಗೆ ಒಂದೇ ಮದ್ದು ಸಾಲದು

ಮಗುವಿನ ಮುಖಕ್ಕೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿದ ಮೇಲೆ ಹೆತ್ತವರು ಮೊದಲು ಕೇಳುವುದು, ಕಲೆ ಹೋಗಲು ಯಾವ ಮುಲಾಮು ಒಳ್ಳೆಯದು ಎಂದು. ಅಕ್ಕನ ಮಗಳ ಕೆನ್ನೆಗೆ ಗೇಟಿನ ಕಬ್ಬಿಣ ತಗುಲಿದಾಗ ನಾವೂ ಅದನ್ನೇ ಕೇಳಿದ್ದೆವು. ಆದರೆ ಕೆಂಪು, ಉಬ್ಬು, ಒರಟುತನ, ಎಳೆತ ಎಂಬ ಬೇರೆ ಬೇರೆ ತೊಂದರೆಗಳು ಒಂದೇ ಗೆರೆಯಲ್ಲಿ ಕೂಡಿಕೊಂಡಿರುವುದರಿಂದ, ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕೆಂಪಿಗೆ ಕಾರಣ ಗಾಯ ಮಾಯುವಾಗ ಹುಟ್ಟಿದ ಸಣ್ಣ ರಕ್ತನಾಳಗಳು. ಪಲ್ಸ್ಡ್ ಡೈ ಲೇಸರ್‌ನ 595 ನ್ಯಾನೋಮೀಟರ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ ಆ ನಾಳಗಳು ಮುಚ್ಚಿಕೊಳ್ಳುತ್ತವೆ. ಗಡುಸಾದ, ಒರಟಾದ ಚರ್ಮಕ್ಕೆ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. ಅದು ಚರ್ಮದಲ್ಲಿ ಸೂಕ್ಷ್ಮ ರಂಧ್ರಗಳನ್ನು ಕೊರೆದು, ನಡುನಡುವೆ ಮುಟ್ಟದೆ ಬಿಟ್ಟ ಚರ್ಮದಿಂದ ಹೊಸ ಪದರ ಬೆಳೆಯಲು ಅವಕಾಶ ಕೊಡುತ್ತದೆ. ಉಬ್ಬಿಗೆ ಟ್ರೈಯಾಮ್ಸಿನೊಲೋನ್ ಚುಚ್ಚುಮದ್ದು ಕೊಡುತ್ತಾರಾದರೂ, ಈ ಸ್ಟೀರಾಯ್ಡ್ ಹೆಚ್ಚಾದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ. ಕಲೆ ರೆಪ್ಪೆಯನ್ನೋ ತುಟಿಯನ್ನೋ ಜಗ್ಗುತ್ತಿದ್ದರೆ ಹಲವು ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ: ಝಡ್-ಪ್ಲಾಸ್ಟಿಯಲ್ಲಿ 60 ಡಿಗ್ರಿ ಕೋನದ ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿದರೆ, ಲೆಕ್ಕದ ಪ್ರಕಾರ ಆ ಗೆರೆಯ ಉದ್ದ ಶೇ. 75ರಷ್ಟು ಹೆಚ್ಚುತ್ತದೆ.

ಕಲೆ ಪಕ್ವವಾಗಲು 12ರಿಂದ 18 ತಿಂಗಳು ಬೇಕು ಎಂಬ ಕಾರಣಕ್ಕೆ ಹಿಂದೆ ಒಂದು ವರ್ಷ ಕಾಯಲು ಹೇಳುತ್ತಿದ್ದರು. ಈಗ ಲೇಸರನ್ನು ಮೊದಲ ಕೆಲವು ತಿಂಗಳಲ್ಲೇ ಆರಂಭಿಸುವುದುಂಟು. ಕಣ್ಣು ಪೂರ್ತಿ ಮುಚ್ಚದಂತೆ ರೆಪ್ಪೆ ಎಳೆದಿದ್ದರಂತೂ ಕಾಯುವ ಮಾತೇ ಇಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಒಣಗಿ ಹಾಳಾಗುತ್ತದೆ. ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಪಲ್ಸ್ಡ್ ಡೈ ಲೇಸರ್‌ನ ಬೆಳಕನ್ನು ಹೀರುವುದರಿಂದ ಅದರ ಶಕ್ತಿಯನ್ನು ತಗ್ಗಿಸಿಡಬೇಕು; ಇಲ್ಲವಾದರೆ ಕೆಂಪು ಹೋಗಿ ಕಪ್ಪು ಉಳಿದೀತು. ಬೇಗ ಮುಗಿಸಿ ಎಂದು ವೈದ್ಯರನ್ನು ಅವಸರಪಡಿಸುವ ಪೋಷಕರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

ಮನೆಯ ಪಾಲು ಕಲೆಯ ಮೇಲೆ ಅಂಟಿಸುವ ಸಿಲಿಕೋನ್ ಶೀಟ್ ಮತ್ತು ಸನ್‌ಸ್ಕ್ರೀನ್. ಶೀಟನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು, ತಿಂಗಳುಗಟ್ಟಲೆ ಅಂಟಿಸಬೇಕು. ನಮ್ಮ ಹುಡುಗಿ ಬೆವರಿಗೆ ಸಡಿಲವಾದ ಶೀಟನ್ನು ಕಿತ್ತು ಪುಸ್ತಕದ ರಟ್ಟಿಗೆ ಅಂಟಿಸುತ್ತಿದ್ದಳು. ಕೊನೆಗೆ ಶಾಲೆಯ ವೇಳೆಗೆ ಸಿಲಿಕೋನ್ ಜೆಲ್, ರಾತ್ರಿ ಶೀಟ್ ಎಂದು ವೈದ್ಯರೇ ಬದಲಿಸಿದರು.

ಅರಿವಳಿಕೆಯ ವಿಚಾರವನ್ನೂ ಮೊದಲೇ ಕೇಳಿಕೊಳ್ಳಬೇಕು. ದೊಡ್ಡ ಮಕ್ಕಳಿಗೆ ಮರಗಟ್ಟಿಸುವ ಕ್ರೀಮ್ ಸಾಕಾಗಬಹುದು, ಆದರೆ ಅಲುಗಾಡದೆ ಮಲಗಲಾರದ ಪುಟ್ಟ ಮಗುವಿಗೆ ಪೂರ್ಣ ಅರಿವಳಿಕೆ ಅನಿವಾರ್ಯವಾದರೆ, ಎರಡು ಲೇಸರ್‌ಗಳನ್ನೂ ಚುಚ್ಚುಮದ್ದನ್ನೂ ಸಾಧ್ಯವಿದ್ದಲ್ಲಿ ಒಂದೇ ಸರದಿಯಲ್ಲಿ ಮುಗಿಸುವಂತೆ ಚರ್ಮತಜ್ಞರೂ ಪ್ಲಾಸ್ಟಿಕ್ ಸರ್ಜನ್ನರೂ ಕೂಡಿ ಯೋಜಿಸಿಕೊಳ್ಳಬಹುದು.